ಕದದ ಮೇಲಿನ ಮಾಲ್ ಯಾರ್ಡು

ಬೀದರಿನಲ್ಲಿ ನಾನಿರುವ ಬಾಡಿಗೆ ಖೋಲಿಗೆ ಬಾಗಿಲು ಒಂದೇ, ಕದಗಳು ಮಾತ್ರ ಎರಡು. ಒಂದು ಚೌಕಟ್ಟಿನಲ್ಲಿದೆ. ಇನ್ನೊಂದು ಗೋಡೆಗೆ ಮುಖಮಾಡಿ ಮೂಲೆಯಲ್ಲಿ ನಿಂತಿದೆ. ನಾನು ಸಾಲೆಯ ಮಾಸ್ತರನಾದ್ದರಿಂದ ನೋಡಿದವರಿಗೆಲ್ಲ ಒಂದೇ ತಮಾಷೆ ಹೊಳೆಯುತ್ತದೆ: "ಏನ್ ಮಾಸ್ತರ, ಕದಾನೂ ಮೂಲಿಗಿ ನಿಂದ್ರಿಸೀರಲ್ಲ, ಏನು ತಪ್ಪು ಮಾಡ್ಯದ ಪಾಪ?"

ಹೋದ ವಾರ ಮನೆಯೊಡತಿ ಆ ಕದವನ್ನು ಬಚ್ಚಲಿಗೆ ಹಚ್ಚಲು ಕೇಳಿದರು. ನಾನು ಅದನ್ನು ಇತ್ತ ತಿರುಗಿಸಿದೆ. ಹಿಂಬದಿಯ ಪಟ್ಟಿಗಳನ್ನೆಲ್ಲ ಕೆತ್ತಿ ಸಮ ಮಾಡಿದ ಆ ಹಲಗೆಯ ಮೇಲೆ ಈಗ ಉಳಿದದ್ದು ತಗಡಿನ ಸಣ್ಣ ಹಳಿಗಳು, ಅವುಗಳ ಕೆಳಗೆ ಒತ್ತೊತ್ತಾಗಿ ತೊಗರಿ ಕಟ್ಟಿಗೆಯ ಚೂರುಗಳು. ಆಕೆ ಕಣ್ಣು ಕಿರಿದು ಮಾಡಿ ನೋಡಿ, "ಇದೇನ್ರಿ, ಕದಕ್ಕ ನಿಚ್ಚಣಿಕಿ ಬಡದೀರಿ? ಇದನ್ನ ಏರಿ ಎಲ್ಲಿಗಿ ಹೋಗೋರು?" ಎಂದರು. ನಾನು ನಕ್ಕೆ. ಅವರು ಕದವನ್ನು ಬಿಟ್ಟು ಹೋದರು. ಕದ ಮಾತ್ರ ನನ್ನನ್ನು ಬಿಟ್ಟಿಲ್ಲ, ಅಂದಿನಿಂದ ತಲೆಯೊಳಗೇ ನಿಂತಿದೆ. ನಿಮ್ಮ ಹತ್ತಿರ ಹೇಳಿದರೆ ಇಳಿದೀತೇನೋ ಎಂಬ ಆಸೆ.

ಮೊದಲು ನನ್ನ ಬಗ್ಗೆ ಎರಡು ಮಾತು. ಮೂರನೆಯದಕ್ಕೆ ಸರಕು ಇಲ್ಲ. ನಾಲ್ಕು ಜನ ಕೂಡಿದಲ್ಲಿ ನಾನು ಐದನೆಯವನ ದನಿಯಲ್ಲಿ ಮಾತಾಡುತ್ತೇನೆ. ತಹಸೀಲ್ದಾರರ ಕೆಮ್ಮು, ನಮ್ಮ ಹೆಡ್‌ಮಾಸ್ತರರು ಸಿಟ್ಟಿಗೇಳುವ ಮೊದಲು ಮೂಗಿನಿಂದ ಬಿಡುವ ಗಾಳಿ, ನಿನ್ನೆಯವರೆಗೆ ನಿಜಾಮರಿಗೆ ಸಲಾಮು ಹೊಡೆದು ಇಂದು ಖಾದಿ ಟೋಪಿಯಲ್ಲಿ ಭಾಷಣ ಮಾಡುವವರ ಗದ್ಗದ, ಎಲ್ಲ ನನ್ನ ಗಂಟಲಲ್ಲಿ ಬಿಟ್ಟಿ ಬಾಡಿಗೆಗಿವೆ. ನನ್ನ ಸ್ವಂತ ದನಿ ಹೇಗಿದೆಯೆಂದು ಕೇಳಬೇಡಿ. ಅದನ್ನು ಬಳಸುವ ಪ್ರಸಂಗ ಕಡಿಮೆ, ಬಳಸಿದಾಗಲೆಲ್ಲ ಜನ, "ಇದ್ಯಾರದು ಮಾಡಿದಿ? ಗುರ್ತು ಹತ್ತಲಿಲ್ಲ" ಎನ್ನುತ್ತಾರೆ.

ಈ ವಿದ್ಯೆಗೆ ಮೊದಲ ನೌಕರಿ ಕೊಟ್ಟವರು ನನ್ನ ಭಾವ, ಶಾಂತಕ್ಕನ ಗಂಡ ಗುರುನಾಥರು. ಕೊಟ್ಟದ್ದು ಇಂಜಿನ್ನಿನ ನೌಕರಿ.

ಭಾವ ಭಾಲ್ಕಿ ಸ್ಟೇಷನ್ನಿನಲ್ಲಿ, ಸರಕಿನ ವ್ಯಾಗನ್ನು ತುಂಬಿ ಇಳಿಸುವ ಮಾಲ್ ಯಾರ್ಡಿನ ಗುಮಾಸ್ತರಾಗಿದ್ದರು. ಯಾದಗಿರಿ ಕಡೆಯವರು, ಹಿಂದೆ ಮುಂದೆ ಯಾರೂ ಇರಲಿಲ್ಲ, ಭಾಲ್ಕಿಯ ನಮ್ಮ ಮನೆಯಲ್ಲೇ ಇದ್ದರು. ಒಮ್ಮೆ ಯಾವುದೋ ಕೆಲಸಕ್ಕೆ ಸಿಕಂದರಾಬಾದಿಗೆ ಹೋದಾಗ ಒಬ್ಬ ರೈಲ್ವೆ ಸಾಹೇಬರ ಬಂಗಲೆಯೊಳಗೆ ದೊಡ್ಡ ಮೇಜೊಂದು ಕಂಡಿತಂತೆ. ಊಟದ ಹೊತ್ತಿಗೆ ಬಂದೆನಲ್ಲ ಎಂದು ನಾಚಿ ಹಿಂದೆ ಸರಿಯುವಷ್ಟರಲ್ಲಿ ಮೇಜಿನ ಮೇಲೆ ಅಂಗೈ ಉದ್ದದ ರೈಲು ಹೊರಟಿತು. ಸ್ಟೇಷನ್ನು, ಸಿಗ್ನಲ್ಲು, ಮಾಲ್ ಶೆಡ್ಡು, ಶೆಡ್ಡಿನ ಮುಂದೆ ಉಗುರಿನಷ್ಟು ಚೀಲಗಳು! ಭಾವನ ಬಾಯಿ ನೋಡಿ ಖುಷಿಯಾದ ಸಾಹೇಬರು ಒಂದು ಮಾತು ಹೇಳಿದರಂತೆ: "ಮನಸ್ಸಿಗೆ ಬಂದ ಹಾಗೆ ಕಟ್ಟಿದರೆ ಅದು ಬರೀ ಆಟಿಕೆ. ನಿಜವಾಗಿರುವ ಒಂದು ಯಾರ್ಡನ್ನು ಮೊದಲು ಆರಿಸಿಕೋ. ಅದರ ಹಳಿ, ಅದರ ಶೆಡ್ಡು, ಅಲ್ಲಿ ನಡೆಯುವ ಕೆಲಸ, ಅಷ್ಟನ್ನೂ ಸಣ್ಣದು ಮಾಡು." ನಮ್ಮ ಮಠದ ಅಯ್ನೋರಿಂದ ದೀಕ್ಷೆ ಪಡೆದವರೂ ಮಂತ್ರವನ್ನು ಅಷ್ಟು ಜೋಪಾನವಾಗಿ ಮನೆಗೆ ತಂದದ್ದನ್ನು ನಾನು ನೋಡಿಲ್ಲ.

ಠಾಣಾ ಕುಶನೂರಿನ ನಮ್ಮ ಹಳೆಯ ಮನೆ ಕುಸಿದಾಗ ಉಳಿದಿದ್ದ ಒಂದು ಕದವನ್ನು ಪಡಸಾಲೆಯಲ್ಲಿ ತೊಗರಿ ಚೀಲಗಳ ಮೇಲೆ ಮಲಗಿಸಿದರು. ಘಾಸಲೇಟ್ ಎಣ್ಣೆಯ ಡಬ್ಬಿಯ ತಗಡು ಕತ್ತರಿಸಿ ಹಳಿ ಮಾಡಿದರು, ತೊಗರಿ ಕಟ್ಟಿಗೆ ಕೊಯ್ದು ಹಳಿಯಡಿಯ ಪಟ್ಟಿ ಮಾಡಿದರು. ಅದೇ ತಗಡಿನಿಂದ ನಾಲ್ಕಾರು ವ್ಯಾಗನ್ನು, ಒಂದು ಇಂಜಿನ್ನು, ಗಾಡಿಯ ಬಾಲಕ್ಕೆ ಗಾರ್ಡು ಕೂಡುವ ಬ್ರೇಕ್ ವ್ಯಾನು. ಇಂಜಿನ್ನು ತಾನಾಗಿ ನಡೆಯದು; ಅದನ್ನು ಬೆರಳಿನಿಂದ ನೂಕುವವರು ಭಾವ, ಬಾಯಿಯಿಂದ ನಡೆಸುವವನು ನಾನು. ಹೊಗೆ ಉಗುಳುವ ಸದ್ದು, ವ್ಯಾಗನ್ನಿಗೆ ವ್ಯಾಗನ್ನು ಗುದ್ದುವ ಸದ್ದು, ದೂರದ ಸೀಟಿ, ಹತ್ತಿರದ ಸೀಟಿ. ನನ್ನ ಎಂಜಲು ಬಿದ್ದು ಅರ್ಧ ಹಳಿಗೆ ತುಕ್ಕು ಹಿಡಿಯಿತೆಂದು ಭಾವ ದೂರುತ್ತಿದ್ದರು.

ಉದ್ದಕ್ಕೆ ಒಂದು ಹಳಿ ಬಡಿದಾದ ಮೇಲೆ ಕೆಲಸ ನಿಂತಿತು. ಯಾವ ಯಾರ್ಡು? ಅದು ಠರಾವಾಗದೆ ಇನ್ನೊಂದು ಮೊಳೆ ಹೊಡೆಯಕೂಡದೆಂಬುದು ಭಾವನ ವ್ರತ. ಬೀದರಂದರೆ ಬಹಳ ದೊಡ್ಡದು. "ಅದನ್ನ ಕಟ್ಟಬೇಕಂದ್ರ ಓಣ್ಯಾಗಿನ ಕದಾ ಎಲ್ಲಾ ಬಿಚ್ಚಕೊಂಡು ಬರಬೇಕಾಗ್ತದ" ಎನ್ನುತ್ತಿದ್ದರು. ನಡುವಿನ ಹಲಬರ್ಗಾ ಸ್ಟೇಷನ್ನು ಬಹಳ ಸಣ್ಣದು, ಒಂದು ವ್ಯಾಗನ್ನು ಬಂದು ನಿಂತರೆ ಯಾರ್ಡೇ ತುಂಬಿತು. ವ್ಯಾಗನ್ನುಗಳನ್ನು ಬಿಡಿಸಿ, ಹಿಂದೆ ಮುಂದೆ ಮಾಡಿ, ಬೇರೆ ಹಳಿಗೆ ಜೋಡಿಸುವ ಶಂಟಿಂಗ್ ಇಲ್ಲದಿದ್ದರೆ ಆಟವೇ ಇಲ್ಲ. ಭಾಲ್ಕಿ ಅಳತೆಗೆ ಸರಿ, ಕೆಲಸಕ್ಕೂ ಸರಿ. ಆದರೆ, "ದಿನಾ ನೋಡೋದು ಕಣ್ಣಿಗಿ ಬೀಳಂಗಿಲ್ಲೋ. ಅಲ್ಲಿ ಬೇವಿನ ಗಿಡ ಶೆಡ್ಡಿನ ಎಡಕ್ಕದನೋ ಬಲಕ್ಕದನೋ, ಈಗ ನೀ ಕೇಳಿದ್ರ ನಾ ಎದ್ದು ಹೋಗಿ ನೋಡಿ ಬರಬೇಕು."

ಒಲೆಯ ಮುಂದಿನಿಂದ ಶಾಂತಕ್ಕ ಕೂಗುತ್ತಿದ್ದಳು: "ಅಡಗಿಮನಿ ಗ್ವಾಡಿ ಬಿದ್ದು ವರ್ಷ ಆತು. ಅದಕ್ಕೊಂದು ಕಲ್ಲಿಡಂದ್ರ ಪುರುಸೊತ್ತಿಲ್ಲ. ತಗಡಿನ ರೈಲಿಗಿ ಮನಿ ಕಟ್ಟಲತ್ತಾರ!"

ನಾನು ಅದೇ ದನಿಯಲ್ಲಿ ಅದನ್ನೇ ತಿರುಗಿ ಕೂಗುತ್ತಿದ್ದೆ. ಲಟ್ಟಣಿಗೆ ಹಾರಿಬರುತ್ತಿತ್ತು. ಭಾವ ಅದನ್ನು ಹಿಡಿದು ಹಳಿಯ ಮೇಲೆ ಉರುಳಿಸಿ, "ನೋಡು, ನಿಮ್ಮಕ್ಕ ಮಾಲು ಕಳಸ್ಯಾಳ" ಎನ್ನುತ್ತಿದ್ದರು.

ಆಮೇಲೆ ನಿಜಾಮರ ಪರ ಹಳ್ಳಿಗಳನ್ನು ಸುಲಿದ ರಜಾಕಾರರ ಆ ವರ್ಷ ಬಂತು. ಹೇಗಿತ್ತೆಂದು ನಮ್ಮ ಭಾಗದವರಿಗೆ ನಾನು ಹೇಳಬೇಕಾಗಿಲ್ಲ. ನನ್ನ ಅಣಕ ಬಂದ್ ಆಗಿತ್ತು; ಯಾರ ದನಿ ಮಾಡಿದರೆ ಯಾರು ಮನೆಗೆ ಬರುತ್ತಾರೋ ತಿಳಿಯದು. ಬೇಸಿಗೆಯಲ್ಲಿ ಒಂದು ದಿನ ಹಳ್ಳಿಯಿಂದ ಓಡಿಬಂದ ಎರಡು ಕುಟುಂಬಗಳನ್ನು ಭಾವ ಒಂದು ಮುಚ್ಚಿದ ವ್ಯಾಗನ್ನಿನಲ್ಲಿ ತೊಗರಿ ಚೀಲಗಳ ಹಿಂದೆ ಕೂಡಿಸಿದರು. ಲಾತೂರ ಕಡೆ ಇಳಿಸಿ ನಿಜಾಮರ ಗಡಿ ದಾಟಿಸಬೇಕು. ದಾರಿಯ ಸ್ಟೇಷನ್ನುಗಳಲ್ಲಿ ಯಾರೂ ಬಾಗಿಲು ತೆರೆಸದಂತೆ ತಾವೂ ಅದೇ ಮಾಲ್ ಗಾಡಿಯಲ್ಲಿ ಹೊರಟರು. ಆ ವ್ಯಾಗನ್ನಿನ ಬಾಗಿಲು ಹಾಕಿದವರು ಯಾರ್ಡಿನ ಶಂಟಿಂಗ್ ಜಮಾದಾರ ಖಾಜಾ ಚಾಚಾ. "ಬ್ರೇಕ್ ವ್ಯಾನಿನಾಗ ಗಾರ್ಡಸಾಬರ ಮಗ್ಗಲಕ್ಕ ಕುಂತ್ರು. ಕೈ ಮಾಡಿದ್ರು. ನಾ ನೋಡಿದ್ದು ಅಷ್ಟೇ ಬೇಟಾ" ಎಂದು ಚಾಚಾ ಆಮೇಲೆ ಅದೆಷ್ಟು ಸಲ ಹೇಳಿದರೋ. ನಾವು ಅದೆಷ್ಟು ಸಲ ಕೇಳಿದೆವೋ.

ಮಳೆಗಾಲ ಮುಗಿಯುತ್ತ ಬಂದಾಗ ಪೊಲೀಸ್ ಆ್ಯಕ್ಷನ್ ಆಯಿತು. ಬೀದರಿನ ಕಡೆ ವಿಮಾನಗಳ ಸದ್ದು, ಆಮೇಲೆ ಮಿಲಿಟರಿ, ಆಮೇಲೆ ಧ್ವಜ. ಅಲ್ಲಿಯವರೆಗೆ ಅಡಗಿದ್ದವರು ಹೊರಗೆ ಬಂದರು; ಹೊರಗಿದ್ದವರು ಅಡಗಿದರು. ಖಾಜಾ ಚಾಚಾ ಯಾರ ತಂಟೆಗೂ ಹೋದವರಲ್ಲ. ಸೇಡಿಗೆ ಹಚ್ಚಿದ ಬೆಂಕಿಯಲ್ಲಿ ಅವರ ಮನೆಯೂ ಸುಟ್ಟುಹೋಯಿತು. ಹಲಬರ್ಗಾ ಕಡೆ ಸಂಬಂಧಿಕರನ್ನು ನೋಡಲು ಹೋದ ಅವರ ತಮ್ಮ ತಿರುಗಿ ಬರಲಿಲ್ಲ. ಗಡಿಯಾಚೆ ಹೋದ ನಮ್ಮವರು ಒಬ್ಬೊಬ್ಬರಾಗಿ ಮರಳಿದರು. ಆ ಎರಡು ಕುಟುಂಬಗಳೂ ಬಂದು ಶಾಂತಕ್ಕನ ಕಾಲಿಗೆ ಬಿದ್ದವು. "ನಮ್ಮನ್ನ ದಾಟಿಸಿ ಅವತ್ತೇ ಹೊಳ್ಳಿ ಹೊಂಟ್ರಲ್ರಿ ತಾಯಿ, ಇನ್ನಾ ಬಂದಿಲ್ಲೇನ್ರಿ?" ಎಂದು ನಮ್ಮನ್ನೇ ಕೇಳಿದವು.

ಬಂದಿರಲಿಲ್ಲ. ಭಾಲ್ಕಿಯಲ್ಲಿ ಸ್ಟೇಷನ್ನಿನ ಸೀಟಿ ಊರೊಳಗೆ ಕೇಳುತ್ತದೆ. ಅದು ಕೇಳಿದಾಗಲೆಲ್ಲ ಅಕ್ಕ ಕೈಯಲ್ಲಿದ್ದದ್ದನ್ನು ಬಿಟ್ಟು ಹೊರಬಾಗಿಲಿಗೆ ಬರುತ್ತಿದ್ದಳು. ರೊಟ್ಟಿ ಹಂಚಿನ ಮೇಲೆ ಕರಿದಾಗುತ್ತಿತ್ತು. ಆ ದಿನಗಳಲ್ಲಿ ಅವ್ವ, ನಾನು ಉಂಡ ರೊಟ್ಟಿಯ ಬಣ್ಣದ ಮೇಲೆ ಆ ಹೊತ್ತಿಗೆ ಗಾಡಿ ಸರಿಯಾದ ವೇಳೆಗೆ ಬಂತೋ ತಡವಾಯಿತೋ ಹೇಳಬಹುದಿತ್ತು. ಇದು ತಮಾಷೆಯೆಂದು ಒಮ್ಮೆ ಅವಳ ಮುಂದೆಯೇ ಅಂದೆ. ಅವಳು ನಕ್ಕಳು ಕೂಡ. ಯಾಕಾದರೂ ನಕ್ಕಳೋ.

ನಮ್ಮಲ್ಲಿ ಉಡಿಕಿ ಇದೆ. ಗಂಡ ಇಲ್ಲವಾದ ಹೆಣ್ಣಿಗೆ ಎರಡನೆಯ ಸಲ ಸೀರೆ ಉಡಿಸಿ, ಗದ್ದಲವಿಲ್ಲದೆ ಮನೆ ಸೇರಿಸುವುದು. ತಂದೆ ತೀರಿದ ಮೇಲೆ ನಮ್ಮ ಮನೆಯ ಹಿರಿಯರಾಗಿದ್ದ ಸೋದರಮಾವ ವರ್ಷ ಎರಡು ವರ್ಷ ಕಾದು ಔರಾದದಿಂದ ಒಂದು ಸಂಬಂಧ ತಂದರು. ಸಂಗಪ್ಪ ಅಂತ, ನಲವತ್ತರ ಆಸುಪಾಸು, ಹೆಂಡತಿ ತೀರಿಹೋಗಿದ್ದಳು, ಬಂಡಿಯಲ್ಲಿ ಕಾಳು ತಂದು ಭಾಲ್ಕಿಯಲ್ಲಿ ಹಾಕುವ ವ್ಯಾಪಾರ. ಊರ ಹಿರಿಯರೂ ಅಯ್ನೋರೂ ಒಪ್ಪಿದ್ದರು. ಆದರೆ ನಮ್ಮಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಕೊಡುತ್ತಾರೆ. ಭಾವನಿಗೆ ಯಾರೂ ಮಣ್ಣು ಕೊಟ್ಟಿರಲಿಲ್ಲ. ಅಕ್ಕನ ಕೈತುಂಬ ಹಸಿರು ಬಳೆ ಹಾಗೇ ಇದ್ದವು.

"ಏನು ಹೇಳಲವ್ವಾ ಔರಾದದವ್ರಿಗೆ?" ಎಂದು ಮಾಮಾ ಕೇಳಿದರು.

ಅಕ್ಕ ಪಡಸಾಲೆಯ ಕದದ ಕಡೆ ನೋಡಿದಳು. "ಅವರು ಹಿಡದ ಕೆಲಸ ಅರ್ಧಕ್ಕ ನಿಂತದರಿ ಮಾಮಾ. ಯಾವ ಯಾರ್ಡು ಅಂತ ಠರಾವಾಗಿ, ಅದು ಮುಗೀಲಿ. ಆಮ್ಯಾಲ ಹೇಳ್ತೇನಿ."

ಮಾಮಾ ರೈಲನ್ನು ಹತ್ತಿದವರೇ ಹೊರತು ಅದರ ಕುಲಗೋತ್ರ ವಿಚಾರಿಸಿದವರಲ್ಲ. ಯಾರ್ಡೆಂದರೆ ಯಾವುದೋ ದೇವರಿಗೆ ಹೊತ್ತ ಹರಕೆ, ಹರಕೆ ಬಾಕಿಯಿಟ್ಟು ಮದುವೆ ಮಾಡಬಾರದು ಎಂದು ಅವರಿಗೆ ಅರ್ಥವಾಯಿತು. ಕೈ ಮುಗಿದು, "ಆಗಲವ್ವಾ, ಮೊದಲು ಅದು ತೀರಲಿ" ಎಂದರು. ಅಷ್ಟೇ ಗಂಭೀರವಾಗಿ ಔರಾದಕ್ಕೂ ಹಾಗೆಯೇ ಹೇಳಿ ಕಳಿಸಿದರು.

ಯಾರ್ಡು ಆರಿಸುವ ಕೆಲಸ ಅಕ್ಕನಿಗೂ ನನಗೂ ಬಿತ್ತು. ಅವಳು ಅಳೆಯಲು ನೂಲಿನ ಉಂಡೆ ಹಿಡಿದಳು. ಭಾಲ್ಕಿ ಯಾರ್ಡಿಗೆ ಹೋದರೆ ಬೇವಿನ ಗಿಡ ದಾಟಿ ಮುಂದೆ ಬರಲೇ ಇಲ್ಲ. "ಇದು ಬ್ಯಾಡ. ಬಿಸಲು ಬಾಳ ಅದ." ಹಲಬರ್ಗಾಕ್ಕೆ ಹೋದೆವು. "ಯಾರ್ಡಿಗಿಂತ ಗಿಡಾನೇ ದೊಡ್ಡದದ." ಬೀದರಿಗೆ ಹೋದೆವು. ಹಮಾಲರು ಚೀಲ ಇಳಿಸಿ ನಮ್ಮನ್ನೇ ನೋಡುತ್ತ ನಿಂತರು. "ಮಂದಿ ಬಾಳ." ನೂಲಿನ ಉಂಡೆ ಒಂದು ಸುತ್ತೂ ಬಿಚ್ಚಲಿಲ್ಲ.

ಬರುವಾಗ ರೈಲಿನಲ್ಲಿ, ಕನ್ಯೆ ನೋಡಲು ಹೋಗಿ ಎಲ್ಲೆಡೆ ಉಪ್ಪಿಟ್ಟು ತಿಂದು ಬರುವ ಗಂಡಿನ ತಾಯಿಯ ದನಿಯನ್ನು ನಾನು ತೆಗೆದೆ: "ಹುಡುಗಿ ಚಂದ ಅದಾಳ್ರಿ, ಆದ್ರ ಏನ್ ಮಾಡೋದು, ಬಿಸಲಾಗ ನಿಂತಾಳ. ಇನ್ನೊಬ್ಬಾಕಿ ಚಲೋ ಅದಾಳ, ಅಕಿ ಮನ್ಯಾಗ ಮಂದಿ ಬಾಳ!"

ಅಕ್ಕ ಸೆರಗು ಬಾಯಿಗೆ ಒತ್ತಿ ನಕ್ಕಳು. ನಗು ನಿಂತ ಮೇಲೆ ಕಿಟಕಿಯ ಕಡೆ ನೋಡುತ್ತ ಅಂದಳು: "ನಾವು ಒಂದು ಆರಿಸಿಬಿಟ್ವಿ ಅನ್ಕೋ. ನಿಮ್ಮ ಭಾವ ಬಂದು, ಇದ್ಯಾಕ ಆರಿಸಿದ್ರಿ ಅಂದ್ರ?"

ಊರೆಲ್ಲರ ದನಿ ಗುರುತಿಸುವ ನನಗೆ ಅವಳು ಆರಿಸಲು ಬರುತ್ತಿಲ್ಲ, ಆರಿಸದಿರಲು ಬರುತ್ತಿದ್ದಾಳೆಂಬುದು ಆ ಹೊತ್ತಿಗೆ ತಿಳಿಯಿತು. ಯಾರ್ಡು ಠರಾವಾಗದಿರುವಷ್ಟು ದಿನ ಭಾವ ಬರುವವರೇ.

ಸುಗ್ಗಿಯ ಕಾಲಕ್ಕೆ ಸಂಗಪ್ಪನವರೇ ಬಂದರು. ನಾನು ಅವರನ್ನು ಅಣಕಿಸಲು ತಯಾರಾಗಿ ಬಾಗಿಲಲ್ಲೇ ನಿಂತಿದ್ದೆ. ನನಗಿಂತ ಮುಂದೆ ಹೋದರು ಪುಣ್ಯಾತ್ಮರು. ಬಗಲಲ್ಲಿ ನೆಟ್ಟಗಿನ ತೊಗರಿ ಕಟ್ಟಿಗೆಗಳ ಕಟ್ಟು, ಹರಕೆಗೆ ಇದೇ ಬೇಕೆಂದು ಮಾಮಾ ಹೇಳಿದ್ದರಂತೆ. ಕೈಯಲ್ಲಿ ತೆಂಗಿನಕಾಯಿ, ಊದುಬತ್ತಿ. ಚಪ್ಪಲಿ ಬಿಟ್ಟು ಪಡಸಾಲೆಗೆ ಬಂದು ಕದದ ನಾಲ್ಕೂ ಮೂಲೆಗೆ ವಿಭೂತಿ ಹಚ್ಚಿದರು. ತಗಡಿನ ವ್ಯಾಗನ್ನಿಗೆ ಹೂ ಏರಿಸಿದರು. ಕಣ್ಣು ಮುಚ್ಚಿ ಕೈ ಮುಗಿದರು.

ಒಳಗಿನಿಂದ ಗಟ್ಟಿಯಾಗಿ ನಗು ಕೇಳಿತು. ನಾನು ಬೆಚ್ಚಿಬಿದ್ದೆ, ಆ ನಗುವನ್ನು ಮನೆಯಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು. ಅಕ್ಕ ಹೊರಗೆ ಬಂದಳು. "ಇದು ದೇವ್ರಲ್ರಿ. ಆಟಗಿ."

ಸಂಗಪ್ಪನವರು ಕಣ್ಣು ತೆರೆದರು. ನಾಚಲಿಲ್ಲ. "ಹಂಗೇನ್ರಿ? ಚಲೋನೇ ಆತು ಬಿಡ್ರಿ. ಆಟಗಿ ಆದ್ರ ತಪ್ಪಾದ್ರೂ ಸಿಟ್ಟಾಗಂಗಿಲ್ಲ." ಬಗ್ಗಿ ಆ ಒಂಟಿ ಹಳಿಯನ್ನು ಉದ್ದಕ್ಕೂ ನೋಡಿದರು. ನೋಡಿ, "ನಮ್ಮ ಬಂಡಿ ಎಲ್ಲಿ ನಿಂದ್ರತಾವ್ರಿ ಇದರಾಗ?" ಎಂದರು.

"ಬಂಡೀನ?"

"ಮತ್ತ? ಹೊಲದಿಂದ ತೊಗರಿ ತಾನೇ ನಡಕೋತ ರೈಲಿಗಿ ಬರ್ತದೇನ್ರಿ?"

"ಅದೇ, ಬೇವಿನ ಗಿಡದ ಬಲಕ್ಕ ನಿಂದ್ರತಾವಲ್ಲ," ಎಂದಳು ಅಕ್ಕ. "ಎತ್ತಿನ ನೊಗಾ ಇಳಿಸಿ ಅಲ್ಲೇ ನೆಳ್ಳಿಗಿ ಕಟ್ತೀರಿ. ಅವು ನೀರ ಕುಡಿಯೋ ದೋಣಿ ಆಕಡಿಗದ. ಶೆಡ್ಡಿನ ಮುಂದ ಬಂಡಿ ಹೊಳ್ಳಸಲಕ್ಕ ಜಾಗ ಸಾಲಂಗಿಲ್ಲ."

"ಹೌದ್ ನೋಡ್ರಿ! ದಿನಾ ಅದೇ ಜಗಳ ನಮ್ಮದು."

ಅಕ್ಕ ಕುಳಿತು ಬೆರಳಿನಿಂದ ಕದದ ಮೇಲೆ ತೋರಿಸುತ್ತಿದ್ದಳು: ಇಲ್ಲಿ ಶೆಡ್ಡು, ಇಲ್ಲಿ ಗಿಡ, ಇಲ್ಲಿಂದ ಎರಡನೆಯ ಹಳಿ ಒಡೆಯುತ್ತದೆ. ಯಾರ್ಡು ಠರಾವಾಗಿಬಿಟ್ಟಿತ್ತು. ಭಾಲ್ಕಿ. ಯಾರೂ ಹೆಸರು ಹೇಳಲಿಲ್ಲ. ಅವಳಿಗೂ ಆಮೇಲೆ ಹೊಳೆದಿರಬೇಕು. ಬೆರಳು ಒಂದು ಗಳಿಗೆ ನಿಂತಿತು. ತೆಗೆಯಲಿಲ್ಲ.

ಆ ಮೇಲಿನ ಕೆಲಸ ಅಕ್ಕನದೇ. ಶೆಡ್ಡಿಗೆ ತಗಡು, ಗಿಡಕ್ಕೆ ಬೇವಿನ ಕಡ್ಡಿ, ಬಂಡಿಗೆ ಬೆಂಕಿಪೆಟ್ಟಿಗೆ. ಚೀಲಗಳನ್ನು ಅರಿವೆಯಲ್ಲಿ ಹೊಲಿದು ನಿಜವಾದ ತೊಗರಿನುಚ್ಚು ತುಂಬಿದಳು. ಇಲಿಗಳು ನಮ್ಮ ಯಾರ್ಡನ್ನು ನಿಜವೆಂದೇ ನಂಬಿದವು. ಖಾಜಾ ಚಾಚಾ ಬಂದು ಹಳಿ ಎಲ್ಲಿ ಕೂಡಬೇಕು, ಎಲ್ಲಿ ಒಡೆಯಬೇಕು ಎಂದು ಹೇಳುತ್ತಿದ್ದರು. ಒಂದು ದಿನ ಶೆಡ್ಡಿನ ಹಿಂದಿನ ಖಾಲಿ ಜಾಗದ ಮೇಲೆ ಬೆರಳಿಟ್ಟರು.

"ನಮ್ಮ ತಮ್ಮ ನನಗ ರೊಟ್ಟಿ ತಂದ್ರ ಇಲ್ಲೇ ಕೂಡ್ತಿದ್ದ ಬೇಟೀ. ಒಂದು ಕಲ್ಲಿತ್ತು ಇಲ್ಲಿ."

ಅಕ್ಕ ಅಂಗಳದಿಂದ ಹುಣಸೆಬೀಜದಷ್ಟು ಕಲ್ಲು ತಂದು ಅಲ್ಲಿ ಅಂಟಿಸಿದಳು. ಚಾಚಾ ಅದನ್ನು ನೋಡಿದರು. ರುಮಾಲು ಸರಿಮಾಡಿಕೊಂಡು ಎದ್ದರು. "ಡ್ಯೂಟಿ ಅದ" ಎಂದರು. ಅವತ್ತು ಅವರಿಗೆ ಡ್ಯೂಟಿ ಇರಲಿಲ್ಲ.

ಮುಗಿದ ದಿನ ಮಾಮಾ, ಅವ್ವ, ಚಾಚಾ ಎಲ್ಲ ಸುತ್ತ ನಿಂತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಇಂಜಿನ್ನು, ವ್ಯಾಗನ್ನುಗಳು, ಕೊನೆಗೆ ಬ್ರೇಕ್ ವ್ಯಾನು, ಹೀಗೆ ಗಾಡಿಯನ್ನು ಮುಖ್ಯ ಹಳಿಯ ಮೇಲೆ ಜೋಡಿಸಿದೆ. ಅಕ್ಕ ಎರಡು ವ್ಯಾಗನ್ನು ಬಿಡಿಸಿ ಶೆಡ್ಡಿನ ಮುಂದೆ ನಿಲ್ಲಿಸಿದಳು. ಉಳಿದದ್ದನ್ನೆಲ್ಲ, ಇಂಜಿನ್ನು, ಬ್ರೇಕ್ ವ್ಯಾನು ಸಹಿತ, ಎತ್ತಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಗೋಡೆಯ ಮಾಡದಲ್ಲಿಟ್ಟಳು.

"ಯಾಕ ಅಕ್ಕಾ? ಹಳಿ ಖಾಲಿ ಕಾಣ್ತದಲ್ಲ."

"ಗಾಡಿ ಹೋಗ್ಯದಲ್ಲೋ," ಎಂದಳು.

ಚಾಚಾ ತಲೆ ತಗ್ಗಿಸಿದರು. ಅವ್ವ ಒಳಗೆ ಹೋದಳು. ಮಾಮಾ ಮಾತ್ರ ಏನೂ ತಿಳಿಯದೆ, ಭಕ್ತಿಯಿಂದ ಕೇಳಿದರು: "ಹರಕಿ ತೀರಿತೇನವ್ವಾ?"

"ತೀರಿತ್ರಿ ಮಾಮಾ. ಔರಾದದವ್ರಿಗೆ ಹೇಳಿ ಕಳಸ್ರಿ."

"ಏನಂತ?"

"ಬಂಡಿ ತರ್ಲಿ ಅಂತ."

ಉಡಿಕಿಗೆ ವಾಲಗವಿಲ್ಲ, ಹಂದರವಿಲ್ಲ. ಮಠದಲ್ಲಿ ಅಯ್ನೋರು ನಾಲ್ಕು ಮಾತು ಹೇಳಿದರು, ಸೀರೆ ಉಡಿಸಿದರು. ಮರುದಿನ ಬೆಳಗ್ಗೆ ಸಂಗಪ್ಪನವರ ಬಂಡಿ ಹೊರಟಿತು. ಊರಿನ ಹೊರಗಿನವರೆಗೆ ಕಳಿಸಿ ಬರಲು ನಾನು ಹಿಂದೆ ಕುಳಿತೆ. ರೈಲ್ವೆ ಗೇಟು ಹಾಕಿತ್ತು. ಬಂಡಿ ನಿಂತಿತು. ದೂರದಲ್ಲಿ ಸೀಟಿ ಕೇಳಿತು. ನಾನು ಅಕ್ಕನ ಮುಖ ನೋಡಲಿಲ್ಲ.

ಮಾಲ್ ಗಾಡಿ ಬಂತು. ಲಾತೂರ ಕಡೆಯಿಂದ ಬರುವುದು. ಮುಚ್ಚಿದ ವ್ಯಾಗನ್ನುಗಳು ಒಂದರ ಹಿಂದೆ ಒಂದು, ಮುಗಿಯಲಾರವೇನೋ ಅನ್ನುವಷ್ಟು ನಿಧಾನ. ಮುಂದುಗಡೆ ಅಕ್ಕ ಹೊಸ ಸೀರೆಯ ಸೆರಗು ಹೊದ್ದು ಬಗ್ಗಿ, ಎಡಗಡೆಯ ಎತ್ತಿನ ಹೆಗಲು ನೋಡುತ್ತಿದ್ದಳು. "ನೊಗಾ ತಿಂದು ಹುಣ್ಣಾಗ್ಯದಲ್ರಿ ಇದಕ್ಕ. ಅರಿಷಿಣ, ಎಣ್ಣಿ ಹಚ್ಚಲ್ಲೇನ್ರಿ ನೀವು?"

"ಹಚ್ಚವರು ಯಾರಿದ್ರು ಇಷ್ಟು ದಿನ," ಎಂದರು ಸಂಗಪ್ಪನವರು.

ಗಾಡಿಯ ಬಾಲ ಹತ್ತಿರ ಬಂತು. ಬ್ರೇಕ್ ವ್ಯಾನಿನಲ್ಲಿ ಗಾರ್ಡು ಒಬ್ಬನೇ ಕುಳಿತಿದ್ದ, ಮಗ್ಗುಲ ಜಾಗ ಖಾಲಿಯಿತ್ತು. ಅದು ಬೇವಿನ ಗಿಡದ ಹಿಂದೆ ಮರೆಯಾಗುವವರೆಗೂ ಕತ್ತು ತಿರುಗಿಸಿ ನೋಡಿದವನು ಆ ಬಂಡಿಯಲ್ಲಿ ನಾನೊಬ್ಬನೇ.